ಕಾಯಿದೆಯ ಗಂಡ

ಹೆಣ್ಣುಮಕ್ಕಳ ಸಾಲೆಗೆ ಹೆಂಗಸೇ ಕಲಿಸಬೇಕು ಎಂದು ಸರ್ಕಾರಕ್ಕೆ ಹೊಳೆದದ್ದು ಒಳ್ಳೆಯದೇ. ಆದರೆ ಸರ್ಕಾರಕ್ಕೆ ಒಂದು ಒಳ್ಳೆಯದು ಹೊಳೆದರೆ ಅದರ ಬೆನ್ನಿಗೇ ಒಂದು ಕಾಯಿದೆಯೂ ಹೊಳೆಯುತ್ತದೆ. ಟ್ರೇನಿಂಗ್ ಮುಗಿಸಿ ಹಳ್ಳಿಗೆ ಹೋಗುವ ಹೆಂಗಸು ಗಂಡನೊಡನೆ ಒಂದೇ ಮನೆಯಲ್ಲಿ ವಾಸ ಮಾಡತಕ್ಕದ್ದು, ಗಂಡನಿಲ್ಲದಿದ್ದರೆ ಕೆಲಸವಿಲ್ಲ. ಪಾಠ ಹೇಳುವವಳು ಹೆಂಡತಿ, ಜಾಮೀನು ಗಂಡ! ಇದನ್ನು ಬರೆದ ಪುಣ್ಯಾತ್ಮನನ್ನು ಒಂದು ದಿನ ಆ ಹುಡುಗಿಯರ ನಡುವೆ ಕೂಡ್ರಿಸಿ ಮಗ್ಗಿ ಹೇಳಿಸಬೇಕಿತ್ತು.

ರಾಯವ್ವನಿಗೆ ಮೊದಲು ಆ ಚಿಂತೆ ಇರಲಿಲ್ಲ. ಆಕೆಯನ್ನು ಟ್ರೇನಿಂಗ್ ಸಾಲೆಗೆ ಕಳಿಸಿದವನೇ ಗಂಡ ಉಳವಪ್ಪ. ಕುಪ್ಪಸದ ಖಣಗಳ ಗಂಟು ಹೊತ್ತು ಬೈಲಹೊಂಗಲ, ರಾಮದುರ್ಗದ ಸಂತೆಗಳನ್ನು ಸುತ್ತುವವನು. ಮಂದಿ ನಕ್ಕರೆ, "ನಾ ಅರಿವಿ ಮಾರತೇನಿ, ಆಕಿ ಅಕ್ಷರ ಹಂಚತಾಳ. ಆಕಿದ ದೊಡ್ಡ ವ್ಯಾಪಾರ" ಎನ್ನುತ್ತಿದ್ದ. ಸಿರಸಂಗಿಯಾಚೆಯ ಆ ಹಳ್ಳಿಗೆ ಆಕೆಯ ಟ್ರಂಕನ್ನು ತಲೆಯ ಮೇಲೆ ಹೊತ್ತು ತಂದವನೂ ಅವನೇ. ಸಾಲೆಯ ಕಮಿಟಿಯ ಹಿರಿಯ ನಿಜಗುಣಪ್ಪನಿಗೆ ಮುಖ ತೋರಿಸಿ, ಮನೆ ಹೂಡಿ, ಕಿತ್ತೂರಿನ ಕಡೆ ವ್ಯಾಪಾರಕ್ಕೆ ಹೋದ. ಅಲ್ಲಿ ಪ್ಲೇಗು ಎದ್ದಿತ್ತು.

ಸುದ್ದಿ ತಂದವನು ಅವನ ತಮ್ಮ ಭರಮಪ್ಪ. ಮಧ್ಯಾಹ್ನದ ಬಿಡುವಿಗೆ ಮನೆಗೆ ಬಂದಿದ್ದ ರಾಯವ್ವ ಬಾಗಿಲು ಹಾಕಿ ಕೇಳಿದಳು.

"ಅಣ್ಣನ್ನ ಅಲ್ಲೇ ಮಣ್ಣು ಮಾಡಿ ಬಂದೇನಿ, ಅತ್ತಿಗಿ. ಖಣದ ಗಂಟನ್ನ ಸರ್ಕಾರದ ಮಂದಿ ಸುಟ್ಟುಬಿಟ್ರು."

"ಈ ಊರಾಗ ಯಾರ ಮುಂದೂ ಹೇಳಬ್ಯಾಡ ಭರಮಪ್ಪ. ಹೇಳಿದರ ಸಾಲಿ ಹೋಗತೈತಿ. ಆಮ್ಯಾಲೆ ನಾ ಸಾಯೂತನ ತವರಮನಿ ಹಿತ್ತಲದಾಗ ಮುಸುರಿ ತಿಕ್ಕಬೇಕು."

ಭರಮಪ್ಪ ಆಕೆಯ ಹಣೆಯ ಕುಂಕುಮವನ್ನು ನೋಡಿದ. ನೀರು ಸಹ ಕುಡಿಯದೆ ಎದ್ದು ಹೋದ.

ರಾಯವ್ವ ಅಳಲಿಲ್ಲ. ಅತ್ತರೆ ಗೋಡೆಯಾಚೆಯ ಮುದಕವ್ವನಿಗೆ ಕೇಳುತ್ತದೆ. ಮುಂಜಾನೆ ಕುಂಕುಮ ಇಟ್ಟುಕೊಂಡಳು, ಗಂಡನ ಧೋತರ ಒಗೆದು ಹಿತ್ತಲಲ್ಲಿ ಹರವಿದಳು. ಸಂಜೆ ದೀಪ ಹಚ್ಚಿ ಎರಡು ತಾಟು ಇಟ್ಟು, "ಏಳ್ರಿ, ರೊಟ್ಟಿ ಆರತಾವ" ಎಂದು ಗಟ್ಟಿಯಾಗಿ ಕರೆದಳು. ಕೇಳಿದವರಿಗೆ, "ನಸುಕಿನಾಗ ಹೋಗತಾರ, ಹೊತ್ತು ಮುಳುಗಿದ ಮ್ಯಾಲೆ ಬರತಾರ" ಎಂದಳು. ಹೀಗೇ ದಿನ ಹೋದವು. ಬದುಕಿದ್ದಾಗ ಉಳವಪ್ಪ ಇಷ್ಟು ನೇಮದಿಂದ ಮನೆಯಲ್ಲಿ ಉಂಡಿರಲೇ ಇಲ್ಲ.

ಒಂದು ಮುಂಜಾನೆ ಮುದಕವ್ವ ಹಿತ್ತಲ ಗೋಡೆಯ ಮೇಲೆ ಕೈಯೂರಿ ಹೇಳಿದಳು: "ನಿಮ್ಮ ಮನಿಯವರು ಭಾಳ ಚಲೋ ಮನಿಶಾ ನೋಡ್ರಿ, ಅಕ್ಕೋರ. ನಿನ್ನಿ ಸಂಜಿಮುಂದ ನಮ್ಮ ಎಮ್ಮಿ ಹಗ್ಗ ಹರಕೊಂಡು ಓಡಿತ್ತು. ಹಿಡದು ಕಟ್ಟಿ ಹ್ವಾದ್ರು."

ಮುದುಕಿಗೆ ಕಣ್ಣು ಮಂಜಾಗಿದೆ, ಯಾರನ್ನೋ ನೋಡಿರಬೇಕು ಎಂದುಕೊಂಡು ರಾಯವ್ವ ನಕ್ಕು ಧೋತರ ಹರವತೊಡಗಿದಳು.

ಆ ವಾರವೇ ತಾಯವ್ವ ಎಂಬಾಕೆ ಮಗಳನ್ನು ಸಾಲೆಗೆ ಬಿಡಲು ಬಂದಳು. ಮೈಮೇಲೆ ಹೊಸ ಕುಪ್ಪಸ, ಹಸಿರು ಖಣ, ಕೆಂಪು ಅಂಚು. ಕಿತ್ತೂರಿಗೆ ಹೋಗುವ ಗಂಟಿನಲ್ಲಿ ಅದನ್ನು ಮಡಚಿ ಇಟ್ಟದ್ದು ಸ್ವತಃ ರಾಯವ್ವನೇ.

"ಎಲ್ಲಿ ತಗೊಂಡ್ರಿ?"

"ನಿಮ್ಮ ಯಜಮಾನ್ರೇ ಕೊಟ್ಟಾರಲ್ರೀ! ಒಂದೇ ಕುಂದು ನೋಡ್ರಿ, ಎಷ್ಟ ಒಗದ್ರೂ ಸುಟ್ಟ ವಾಸನಿ ಹೋಗವಲ್ದು."

ರಾಯವ್ವನಿಗೆ ಹೆದರಿಕೆಯಾಯಿತು. ಆ ಸಂಜೆ ಎರಡನೆಯ ತಾಟು ಇಡಲಿಲ್ಲ, ಯಾರನ್ನೂ ಕರೆಯಲಿಲ್ಲ, ಒಲೆಯ ಮುಂದೆ ಕುಳಿತಳು. ಮನೆಯಲ್ಲಿ ಒಲೆಯ ಸಪ್ಪಳ ಬಿಟ್ಟರೆ ಆಕೆಗೆ ಏನೂ ಕೇಳಿಸುತ್ತಿರಲಿಲ್ಲ. ಆಗ ಗೋಡೆಯಾಚೆಯಿಂದ ಮುದಕವ್ವ ಕೂಗಿದಳು:

"ಯಾಕ್ರಿ ಅಕ್ಕೋರ, ಜಗಳೇನು? ಅವರೊಬ್ರೇ ಮಾತಾಡಾಕ ಹತ್ಯಾರ, ನೀವು ಉತ್ತರಾನ ಕೊಡವಲ್ರಿ!"

ಮರುದಿನ ಮುಂಜಾನೆ ನಿಜಗುಣಪ್ಪ ಆಕೆಯನ್ನು ತನ್ನ ಮನೆಯ ಕಟ್ಟೆಗೆ ಕರೆಸಿದ.

"ನಿಮ್ಮ ಮನಿಯವರು ಬಂದಿದ್ರು ಅಕ್ಕೋರ. ಇನ್ನ ಹೆಂಡತಿ ಸಾಲಿಗೆ ಬರೂದಿಲ್ಲ, ಮನ್ಯಾಗ ಇರತಾಳ ಅಂದ್ರು. ನಮಗೂ ಕೆಟ್ಟ ಅನಸ್ತು, ಹುಡಿಗ್ಯಾರಿಗೆ ನೀವಂದ್ರ ಜೀವ. ಆದರ ಗಂಡ ಒಲ್ಲೆ ಅಂದಮ್ಯಾಲೆ ಕಾಯ್ದೆ ಪ್ರಕಾರ ಮುಗೀತು. ಸಾಲಿ ಕೀಲಿ ಕೊಡ್ರಿ."

ರಾತ್ರಿಯಿಡೀ ಹೆದರಿ ಕುಳಿತಿದ್ದವಳಿಗೆ ಈಗ ಸಿಟ್ಟು ಬಂತು. "ಅವರು ಹಾಂಗ ಅನ್ನಾವರಲ್ಲ!" ಎಂದಳು. ನಿಜವೇ. ಊರೆಲ್ಲ ನಗುತ್ತಿದ್ದಾಗ ಟ್ರಂಕು ಹೊತ್ತು ಮುಂದೆ ನಡೆದವನು ಈ ಮಾತು ಆಡುವವನಲ್ಲ. ಹಾಗಾದರೆ ಆಡಿದವನು ಯಾರು? ಕಾಯಿದೆಗೆ ಬೇಕಾಗಿತ್ತೆಂದು ತಾನು ದಿನಾ ಸಂಜೆ ಕರೆಕರೆದು ಒಳಗೆ ತಂದುಕೊಂಡಾತ. ಕಾಯಿದೆಯ ಗಂಡ. ಅವನಿಗೆ ಹೆಂಡತಿ ಬೇಕು, ಸಾಲೆ ಬೇಡ.

ಅಷ್ಟರಲ್ಲಿ ನಿಜಗುಣಪ್ಪ ಆಕೆಯ ಹೆಗಲಾಚೆ ನೋಡಿ ಮುಖ ಅರಳಿಸಿದ. "ಬರ್ರಿ ಉಳವಪ್ಪನವರ, ಬರ್ರಿ, ಕುಂಡ್ರಿ. ನಿಮ್ಮ ಮಾತೇ ನಡದಿತ್ತು."

ಬೆನ್ನ ಹಿಂದೆ ಚಪ್ಪಲಿಯ ಸಪ್ಪಳ ಬಂದು ನಿಂತಿತು. ರಾಯವ್ವ ತಿರುಗಲಿಲ್ಲ. ತಿರುಗಿದರೆ ಉಳವಪ್ಪನ ಮುಖವೇ ಇರುತ್ತದೆ. ಆ ಬಾಯಿಂದ ಆ ಮಾತು ಕೇಳಿಬಿಟ್ಟರೆ ನೆನೆಸಿಕೊಳ್ಳಲೂ ತನ್ನ ಗಂಡ ಉಳಿಯುವುದಿಲ್ಲ. ನಿಜ ಹೇಳಿದರೂ ಸಾಲೆ ಹೋಗುತ್ತದೆ, ಹೇಳದಿದ್ದರೂ ಹೋಗುತ್ತದೆ. ಹೇಳಿದರೆ ಸತ್ತವನಾದರೂ ತನ್ನವನಾಗಿ ಉಳಿಯುತ್ತಾನೆ.

"ನಮ್ಮ ಮನಿಯವರು ಸತ್ತಾರ್ರಿ, ಪ್ಲೇಗಿನಾಗ. ಇಷ್ಟ ದಿನ ನಾ ನಿಮಗ ಸುಳ್ಳು ಹೇಳೇನಿ."

ನಿಜಗುಣಪ್ಪ ಹೊಟ್ಟೆ ಹಿಡಿದು ನಕ್ಕ. "ಕೇಳಿದ್ರೇನ್ರಿ ಉಳವಪ್ಪನವರ, ನಿಮ್ಮ ಹೆಂಡತಿ..." ಎಂದು ತಲೆಯೆತ್ತಿದವನ ನಗು ಅರ್ಧಕ್ಕೇ ನಿಂತಿತು. ಅಂಗಳ ನೋಡಿದ, ಓಣಿಯ ಎರಡೂ ಕಡೆ ನೋಡಿದ.

"ಈಗ ಇಲ್ಲೇ ನಿಂತಿದ್ರಲ್ಲ? ಎಲ್ಲಿ ಹ್ವಾದ್ರು?"

"ಕಿತ್ತೂರಾಗ ಅದಾರ್ರಿ," ಎಂದಳು ರಾಯವ್ವ. "ಮಣ್ಣಾಗ."

ಸಾಲೆಯ ಕೀಲಿಯನ್ನು ಅವನ ಮುಂದಿಟ್ಟು ಅಲ್ಲೇ ಕುಸಿದು ಕುಳಿತಳು, ಓಣಿಗೆಲ್ಲ ಕೇಳುವಂತೆ ಗಂಡನಿಗಾಗಿ ಅತ್ತಳು.