ದುರಸ್ತಿಗೆ ಯೋಗ್ಯವಲ್ಲ

ಆ ಕೆಂಪು ಟೇಪು ಅಂಟಿಸಿದವನು ತಾನೇ. ಅದರಲ್ಲಿ ಅನುಮಾನವೇ ಇರಲಿಲ್ಲ. ಯಾವ ಬೆರಳು ಎಲ್ಲಿ ಊರಬೇಕೆಂದು ಮಕ್ಕಳಿಗೆ ತಿಳಿಯಲೆಂದು ಪಿಟೀಲಿನ ಕತ್ತಿನ ಮೇಲೆ ಅಡ್ಡಡ್ಡ ನಾಲ್ಕು ಪಟ್ಟಿ. ಮೂರನೆಯದು ಯಾವಾಗಲೂ ಸ್ವಲ್ಪ ಸೊಟ್ಟ, ಯಾಕೆಂದರೆ ಅಷ್ಟು ಹೊತ್ತಿಗೆ ಅವನ ತಾಳ್ಮೆ ಮುಗಿದಿರುತ್ತಿತ್ತು. ಗೋಡೆಯ ಮೇಲೆ ತೂಗುತ್ತಿದ್ದ ಏಳು ಪಿಟೀಲುಗಳಲ್ಲೂ ಮೂರನೆಯ ಪಟ್ಟಿ ಸೊಟ್ಟಗಿತ್ತು.

"ಹೇಗಿದೆ ಮೇಷ್ಟ್ರೇ, ನಮ್ಮ ಗೋಡೆ?" ಅಧ್ಯಕ್ಷರು ಕೇಳಿದರು.

"ಚೆನ್ನಾಗಿದೆ," ಎಂದ.

ಎಂದ ಮೇಲೆ ತನ್ನ ನಾಲಿಗೆಯ ಮೇಲೇ ಅವನಿಗೆ ಸಿಟ್ಟು ಬಂತು.

ಅವನು ಸಂಗೀತ ಕಲಿಸುವ ಶಾಲೆಗೆ ಇವರು ಅಧ್ಯಕ್ಷರು. ಅವನ ಹೆಂಡತಿಗೆ ಸೋದರಮಾವ. ಕೆಲಸ ಕೊಡಿಸಿದ್ದು ಮಾವ, ಕೆಲಸದಿಂದ ತೆಗೆಯಬಲ್ಲವರು ಅಧ್ಯಕ್ಷರು. ಮನೆಯಲ್ಲಿ ಮಾವ ಎಂದರೆ ಸಲಿಗೆಯಾಯಿತು, ಸರ್ ಎಂದರೆ ಮುನಿಸಾಯಿತು. ಹೀಗಾಗಿ ಎಂಟು ವರ್ಷದಿಂದ ಅವನು ಅವರನ್ನು ಏನೂ ಕರೆಯದೆ ಮಾತಾಡುವುದನ್ನು ರೂಢಿಸಿಕೊಂಡಿದ್ದ.

ಬೆಳಿಗ್ಗೆ ಫೋನು ಬಂದಿತ್ತು. ಹೊಸ ಮನೆಯಲ್ಲಿ ಸಂಗೀತದ ಗೋಡೆ ಮಾಡಿಸಿದ್ದೇವೆ, ಸಂಜೆ ನಾಲ್ಕಕ್ಕೆ ನಾಲ್ಕಾರು ಜನ ಬರುತ್ತಾರೆ, ತಿಳಿದವರೊಬ್ಬರು ಮೊದಲೇ ನೋಡಿದರೆ ಸಮಾಧಾನ ಎಂದು. ಹೆಂಡತಿ ಇಸ್ತ್ರಿ ಮಾಡಿದ ಅಂಗಿ ಕೈಗೆ ಕೊಟ್ಟು, "ಅಲ್ಲಿ ಹೋಗಿ ಮುಖ ಗಂಟು ಹಾಕ್ಕೊಂಡು ನಿಲ್ಬೇಡಿ," ಎಂದಿದ್ದಳು.

ಅವನು ಮುಖವನ್ನು ಆದಷ್ಟು ಬಿಚ್ಚಿಕೊಂಡು ನೋಡಿದ. ಏಳು ಪಿಟೀಲುಗಳನ್ನು ಬೀಸಣಿಗೆಯ ಹಾಗೆ ಹರಡಿ ತೂಗುಹಾಕಿದ್ದರು. ಅವುಗಳ ಕೆಳಗೆ ಮೂರು ಗಿಟಾರು. ತುತ್ತೂರಿಯ ಬಾಯಿಗೆ ಬಲ್ಬು. ಡ್ರಮ್ಮಿನ ಚರ್ಮವನ್ನು ತೂತು ಮಾಡಿ ಗಡಿಯಾರದ ಮುಳ್ಳು ಕೂರಿಸಿದ್ದರು. ಅದು ಒಂದೂವರೆ ತೋರಿಸುತ್ತಿತ್ತು. ಪಿಟೀಲಿನ ಕಮಾನುಗಳನ್ನೆಲ್ಲ ಕಟ್ಟು ಮಾಡಿ, ರಿಬ್ಬನ್ ಸುತ್ತಿ, ಹೂದಾನಿಯಲ್ಲಿ ನಿಲ್ಲಿಸಿದ್ದರು.

"ಇವು ಶಾಲೆಯವು," ಎಂದ.

"ಹೂಂ ಮತ್ತೆ. ಗುಜರಿಗೆ ಹೋಗ್ತಿತ್ತು. ನಾನೇ ತಡೆದೆ. ಕಲೆ ಅಂದ್ರೆ ನಮ್ಮನೇಲಿ ಎಲ್ರಿಗೂ ಗೌರವ."

"ಇವು ಚೆನ್ನಾಗೇ ಇವೆ. ನುಡಿಸ್ಬಹುದು."

"ಕೆಲ್ಸಕ್ಕೆ ಬರಲ್ಲ ಅಂತ ನೀವೇ ಅಲ್ವ ಬರ್ಕೊಟ್ಟಿದ್ದು?"

"ಅದು... ಹೊಸದು ಬರುತ್ತೆ ಅಂತ."

"ಅಂದ್ರೆ ಸುಳ್ಳು ಬರ್ದಿದ್ರಾ?" ಅಧ್ಯಕ್ಷರು ನಕ್ಕರು. ಅವನ ಬೆನ್ನು ತಟ್ಟಿದರು. "ಬರುತ್ತೆ ಬಿಡಿ, ಬರುತ್ತೆ. ಎಲ್ಲಿಗೆ ಹೋಗುತ್ತೆ."

ಬರೆದದ್ದು ನಿಜ. ಹೊಸದು ಬೇಕೆಂದರೆ ಹಳೆಯದು ಹಾಳಾಗಿದೆಯೆಂದು ಸಂಬಂಧಪಟ್ಟವರು ಸಹಿ ಹಾಕಿ ಕೊಡಬೇಕು. ಶಾಲೆಯಲ್ಲಿ ಬೆಂಚಿಗೂ ಅದೇ ಪದ್ಧತಿ, ಪಿಟೀಲಿಗೂ ಅದೇ. ಪಿಟೀಲುಗಳಿಗೆ ಬೇಕಾಗಿದ್ದದ್ದು ಒಂದಿಷ್ಟು ತಂತಿ, ಒಂದಿಷ್ಟು ಅಂಟು. ಆದರೆ ಅಷ್ಟನ್ನು ಕೇಳಿದರೆ ಅಷ್ಟೂ ಬರುವುದಿಲ್ಲವೆಂದು ಸಹೋದ್ಯೋಗಿಗಳು ಬುದ್ಧಿ ಹೇಳಿದ್ದರು. ಕಳೆದ ವರ್ಷ ಒಂದು ಮಧ್ಯಾಹ್ನ ಅವನು ಪಟ್ಟಿಯಲ್ಲಿ ಏಳೂ ಪಿಟೀಲುಗಳ ಮುಂದೆ ದುಂಡಗಿನ ಅಕ್ಷರದಲ್ಲಿ 'ದುರಸ್ತಿಗೆ ಯೋಗ್ಯವಲ್ಲ' ಎಂದು ಬರೆದ. ಬರೆಯುವಾಗ ತಾನು ಬಲು ಜಾಣ ಅನ್ನಿಸಿತ್ತು. ಮಾರನೆಯ ವಾರ ಹಳೆಯವು ಹೋದವು. ಹೊಸವು ಬರಲಿಲ್ಲ.

ಅಂದಿನಿಂದ ಮೂವತ್ತೆರಡು ಮಕ್ಕಳು ಮರದ ಅಡಿಪಟ್ಟಿಯನ್ನು ಭುಜದ ಮೇಲಿಟ್ಟು, ಗಲ್ಲ ಊರಿ, ಬೆರಳಾಡಿಸುತ್ತಿದ್ದರು. ಅವನು ಬಾಯಲ್ಲಿ ಸ್ವರ ಹೇಳಬೇಕು, ಅವರು ಪಟ್ಟಿಯ ಮೇಲೆ ಒತ್ತಬೇಕು. ಅಡಿಪಟ್ಟಿಗೆ ಶ್ರುತಿ ತಪ್ಪುವ ಭಯವಿಲ್ಲ. ಮೊನ್ನೆ ಒಂದು ಹುಡುಗಿ, "ಸರ್, ನಾನು ಚೆನ್ನಾಗಿ ನುಡಿಸ್ತಿದೀನಾ?" ಎಂದು ಕೇಳಿದ್ದಳು. ಚೆನ್ನಾಗಿ ನುಡಿಸುತ್ತಿದ್ದೀಯ ಎಂದಿದ್ದ.

ಇವನ್ನು ವಾಪಸು ಒಯ್ಯಲೇಬೇಕು, ನಾಳೆಯೇ ಮಕ್ಕಳ ಕೈಗೆ ಕೊಡಬೇಕು ಎಂದು ಅವನು ಹಲ್ಲು ಕಚ್ಚಿ ನಿರ್ಧರಿಸಿದ.

ಅಧ್ಯಕ್ಷರ ಹೆಂಡತಿ, ಅವನಿಗೆ ವರಸೆಯಲ್ಲಿ ಅತ್ತೆ, ಒಳಗಿನಿಂದ ಒಂದು ಬ್ಲೇಡು ತಂದರು. "ಆ ಕೆಂಪು ಟೇಪು ಕೆರೆದುಬಿಡಪ್ಪ. ಗೋಡೆ ಬಣ್ಣಕ್ಕೆ ಹೊಂದಲ್ಲ. ನಮ್ಮ ಡಿಸೈನರ್ ಹುಡುಗಿ ಎಷ್ಟು ಉಜ್ಜಿದ್ರೂ ಬರ್ಲಿಲ್ವಂತೆ."

"ಗಟ್ಟಿ ಅಂಟು," ಎಂದ ಅವನು.

"ಅಂಟಿಸಿದವರ್ಗೆ ಬುದ್ಧಿ ಬೇಡ್ವಾ!" ಎನ್ನುತ್ತ ಅವರು ಮಹಡಿ ಹತ್ತಿದರು. ಅಧ್ಯಕ್ಷರೂ ಒಂದು ಗಳಿಗೆ ಮಲಗಿ ಬರುತ್ತೇನೆಂದು ಹೋದರು.

ಅವನು ಬ್ಲೇಡನ್ನು ಹೂದಾನಿಯೊಳಗೆ ಹಾಕಿದ. ಮೊದಲನೆಯ ಪಿಟೀಲನ್ನು ಕೆಳಗಿಳಿಸಿದ. ತಂತಿಗಳನ್ನು ಹೊರುವ ಮರದ ಕುದುರೆಯನ್ನು ಹಿಂದುಮುಂದಾಗಿ ನಿಲ್ಲಿಸಿದ್ದರು. ಅದನ್ನು ತಿರುಗಿಸಿದ. ತಂತಿ ಬಿಗಿಯುವ ಬಿರಡೆ ಕಿರುಗುಟ್ಟಿತು, ಮೊಂಡು ಹಿಡಿಯಿತು, ಆಮೇಲೆ ಬಗ್ಗಿತು. ಗಂಟಲಲ್ಲೇ ಒಂದು ಸ್ವರ ಹಿಡಿದು ತಂತಿಯನ್ನು ಅಲ್ಲಿಗೆ ಏರಿಸಿದ. ಅವನು ಸುಮ್ಮನಾದ ಮೇಲೂ ತಂತಿ ಅದೇ ಸ್ವರವನ್ನು ಸಣ್ಣಗೆ ಹೇಳುತ್ತಿತ್ತು. ಶ್ರುತಿ ಸೇರಿದ ತಂತಿಗೆ ದನಿ ತಾಗಿದರೆ ಸಾಕು, ಮುಟ್ಟದೆಯೂ ಮಿಡಿಯುತ್ತದೆ ಎಂದು ಅವನೇ ತರಗತಿಯಲ್ಲಿ ಹೇಳುತ್ತಿದ್ದ, ಪಿಟೀಲುಗಳಿದ್ದ ಕಾಲದಲ್ಲಿ.

ಸಿಟ್ಟಿನಲ್ಲಿ ಅವನ ಕೈ ಚುರುಕಾಯಿತು. ಇದ್ದ ತಂತಿಗಳಲ್ಲೇ ಏಳೂ ಆದವು. ಗಿಟಾರುಗಳನ್ನೂ ಬಿಡಲಿಲ್ಲ. ಎಲ್ಲವನ್ನೂ ಒಂದೇ ಶ್ರುತಿಗೆ ತಂದು ಮತ್ತೆ ಅದದೇ ಕೊಕ್ಕೆಗೆ ಹಾಕಿದ. ಎಲ್ಲರೂ ಬರಲಿ. ಎಲ್ಲರೆದುರು ಒಂದನ್ನು ಇಳಿಸಿ ನುಡಿಸುತ್ತೇನೆ. ಈಗ ಹೇಳಿ, ಇದು ಕೆಲಸಕ್ಕೆ ಬಾರದ್ದೋ ಎಂದು ಕೇಳುತ್ತೇನೆ. ಹೌದು, ಸುಳ್ಳು ಬರೆದೆ, ನಿಮ್ಮ ಪದ್ಧತಿ ಬರೆಸಿತು ಎನ್ನುತ್ತೇನೆ. ಖಾಲಿ ಕೋಣೆಯಲ್ಲಿ ಆ ಮಾತನ್ನು ಎರಡು ಸಲ ಆಡಿ ನೋಡಿದ. ಸೊಗಸಾಗಿ ಬಂತು. ಹತ್ತೂ ವಾದ್ಯಗಳು ಹೌದೆಂದವು.

ನಾಲ್ಕಕ್ಕೆ ಜನ ಬಂದರು. ಆಡಳಿತ ಮಂಡಳಿಯ ಇಬ್ಬರು, ಒಬ್ಬ ವಕೀಲ, ಒಬ್ಬ ಡಾಕ್ಟರು, ಡಾಕ್ಟರ ಹೆಂಡತಿ. ಗೋಡೆ ನೋಡಿ ಅಬ್ಬಬ್ಬಾ ಎಂದರು. ವಕೀಲ ಏನೋ ತಮಾಷೆ ಮಾಡಿದ. ಅಧ್ಯಕ್ಷರು ಹೊಟ್ಟೆ ಹಿಡಿದುಕೊಂಡು ನಕ್ಕರು.

ನಗು ನಿಂತಿತು. ಗೋಡೆ ನಿಲ್ಲಲಿಲ್ಲ.

"ಏನದು?" ಎಂದರು ಡಾಕ್ಟರು. ಅವರ ಮಾತಿಗೂ ಗೋಡೆ ಗುಂಯ್‌ಗುಟ್ಟಿತು.

"ಒಳಗೆ ಯಾರೋ ನರಳ್ತಿರೋ ಹಾಗಿದೆಯಲ್ರೀ," ಎಂದ ವಕೀಲ.

ಎಲ್ಲರೂ ಮೇಷ್ಟ್ರತ್ತ ತಿರುಗಿದರು. ಅವನು ಒಂದು ಹೆಜ್ಜೆ ಮುಂದೆ ಬಂದ. ಮೂವತ್ತೆರಡು ಅಡಿಪಟ್ಟಿಗಳು ಗಂಟಲಲ್ಲಿ ಅಡ್ಡ ನಿಂತವು.

"ಶ್ರುತಿ ಮಾಡಿದೆ," ಎಂದ. "ಮಾತಾಡಿದ್ರೆ ಮಿಡಿಯುತ್ತೆ."

"ಯಾರು ಮಾಡಿ ಅಂದ್ರು?" ಅಧ್ಯಕ್ಷರು ನಗುಮುಖದಲ್ಲೇ ಕೇಳಿದರು.

"ಯಾರೂ ಇಲ್ಲ."

"ನಮ್ಮ ಮೇಷ್ಟ್ರ ಕೈ ಸುಮ್ನಿರಲ್ಲ," ಎಂದು ಅವರು ಅತಿಥಿಗಳಿಗೆ ಹೇಳಿದರು. ಆಮೇಲೆ ಅವನಿಗೆ, ಮೆಲ್ಲಗೆ: "ನಿಲ್ಸಿ ಅದನ್ನ."

"ಸರ್," ಎಂದ ಅವನು. ಎಂಟು ವರ್ಷದಲ್ಲಿ ಅವರನ್ನು ಏನಾದರೂ ಎಂದು ಕರೆದದ್ದು ಅದೇ ಮೊದಲ ಸಲ. ಮುಂದಿನ ಮಾತು ಬರಲಿಲ್ಲ.

ಬಿರಡೆಗಳನ್ನು ಸಡಿಲಿಸಿದರೆ ಮುಗಿಯಿತು. ಐದು ನಿಮಿಷದ ಕೆಲಸ. ಬಿರಡೆಗೆ ಕೈ ಹಾಕಿದ. ಬೆರಳು ತಿರುಗಿಸಲು ಒಪ್ಪಲಿಲ್ಲ. ಬೆರಳಿಗಾದರೂ ಮಾನವಿದೆಯಲ್ಲ ಎನ್ನಿಸಿತು. ಆದರೆ ಅಂಗೈಗೆ ಇರಲಿಲ್ಲ. ಅಂಗೈ ತಾನಾಗಿ ಹರಡಿ ತಂತಿಗಳ ಮೇಲೆ ಕೂತಿತು. ಆ ಪಿಟೀಲು ಸುಮ್ಮನಾಯಿತು.

ಇನ್ನೊಂದು ಅಂಗೈಗೆ ಇನ್ನೊಂದು. ಮಧ್ಯದ್ದಕ್ಕೆ ಎದೆ ಕೊಟ್ಟ. ಅದರ ಪಕ್ಕದ್ದಕ್ಕೆ ಕೆನ್ನೆ. ಮೊಣಕೈಗೆ ಒಂದು ಸಿಕ್ಕಿತು, ಮೊಣಕಾಲಿಗೆ ಗಿಟಾರು. ತೋಳು ಚಾಚಿ ಅವನು ಗೋಡೆಗೆ ಅಂಟಿಕೊಂಡ. ಹಿಂದೆ ಮಾತು ಮತ್ತೆ ಶುರುವಾಯಿತು. ಯಾರೋ ಕುರ್ಚಿ ಎಳೆದರು, ಕಪ್ಪುಗಳು ಬಂದವು. ಆಡಿದ ಒಂದೊಂದು ಮಾತೂ ಅಂಗೈಯಲ್ಲಿ ಇರುವೆ ಹರಿದಂತೆ ಹರಿಯುತ್ತಿತ್ತು.

"ಒಂದು ಫೋಟೋ ತಗೊಳ್ತೀನಿ," ಎಂದರು ಡಾಕ್ಟರ ಹೆಂಡತಿ. "ನೀವು ಸ್ವಲ್ಪ ಆಚೆ ಸರೀತೀರಾ? ಬೇಡ, ಬೇಡ. ಹಾಗೇ ಇರಿ. ಗೋಡೆ ಈಗ ತುಂಬಿದ ಹಾಗಿದೆ."

ಅವನು ಏನೋ ಹೇಳಿದ. ಅದು ಯಾರಿಗೂ ಕೇಳಿಸಲಿಲ್ಲ. ಎದೆಯ ಕೆಳಗಿನ ಪಿಟೀಲಿಗೆ ಮಾತ್ರ ಕೇಳಿಸಿ, ಅದು ಸಣ್ಣಗೆ ಮಿಡಿಯತೊಡಗಿತು.

ಅವನು ಇನ್ನಷ್ಟು ಒತ್ತಿ ನಿಂತ.