ಗಾಳಿಗೆ ಆರದ ದೀಪ

ಗುಡ್ಡದ ಹೊಟ್ಟೆಯೊಳಗೆ ಕಣ್ಣಿಲ್ಲದ ಕತ್ತಲೆಯೊಂದು ಬಾಳಿಕೊಂಡಿದ್ದ ಕಾಲವೊಂದಿತ್ತಂತೆ. ದಾರಿಹೋಕರು ದೀಪ ಹಿಡಿದು ಬಂದರೆ ಅದು ಉಫ್ ಎಂದು ಊದಿಬಿಡುತ್ತಿತ್ತಂತೆ. ಆಮೇಲೆ ಅವರ ಕೈಹಿಡಿದು, ಒಬ್ಬೊಬ್ಬರನ್ನೇ, ಆಚೆಗೆ ದಾಟಿಸುತ್ತಿತ್ತಂತೆ.

"ಯಾಕ ದಾಟಸ್ತಿತ್ತು ಅಜ್ಜೀ?"

"ಅದಕ್ಕೂ ಯಾರದರ ಕೈ ಬೇಕಲ್ಲವಾ."

ಅಜ್ಜಿ ಗಿರಿಜಮ್ಮನ ಉಳಿದ ಕಥೆಗಳಲ್ಲಿ ರಾಜನ ಹೆಂಡಂದಿರು ಒಮ್ಮೆ ಮೂವರಾದರೆ ಒಮ್ಮೆ ಏಳು ಮಂದಿಯಾಗುತ್ತಿದ್ದರು. ಈ ಕಥೆ ಮಾತ್ರ ಯಾವತ್ತೂ ಬದಲಾಗಲಿಲ್ಲ. ಏಕೆಂದರೆ ಇದು ಅವಳಿಗೇ ನಡೆದದ್ದು.

ನನ್ನ ಅಪ್ಪ ಆಗ ಎರಡು ವರ್ಷದ ಮಗು. ಅಜ್ಜ, ಅಜ್ಜಿ ಔರಂಗಾಬಾದಿನ ಹತ್ತಿರದ ದೌಲತಾಬಾದ್ ಕೋಟೆ ನೋಡಲು ಹೋಗಿದ್ದರು. ಅಲ್ಲಿ ಬಂಡೆಯೊಳಗೆ ಕೊರೆದ ತಿರುವುಮುರುವಿನ ಹಾದಿಯೊಂದಿದೆ, ಅಂಧಾರಿ ಎನ್ನುತ್ತಾರೆ. ಅದರ ನಟ್ಟನಡುವೆ ದಿವಟಿಗೆ ಆರಿತು. ಅಜ್ಜ ಅವಳ ಕೈಹಿಡಿದು ಮೆಟ್ಟಿಲು ಮೆಟ್ಟಿಲಾಗಿ ನಡೆಸಿದ. "ಮುಂದಿನ ಸಲ ಗಾಳಿಗೆ ಆರದ ದೀಪಾ ತರ್ತೀನಿ" ಎಂದು ಅಜ್ಜಿ ಆ ಕೈಗೆ ಮಾತು ಕೊಟ್ಟಳು. ಬಿಸಿಲಿಗೆ ಬಂದು ನೋಡಿದರೆ ಅಜ್ಜ ಆಗಲೇ ಹೊರಗೆ ನಿಂತಿದ್ದ. ಅವನ ಎರಡೂ ಕೈಯಲ್ಲಿ ನಿದ್ದೆಹೋದ ಮಗು.

ಎಷ್ಟೋ ವರ್ಷದ ಮೇಲೆ ಅಜ್ಜ ತೀರಿಕೊಂಡ. ಅಪ್ಪನಿಗೆ ಓಝರಿನ ವಿಮಾನ ಕಾರ್ಖಾನೆಯಲ್ಲಿ ಕೆಲಸವಾಗಿ ನಾವು ಅಲ್ಲಿನ ಕಾಲೊನಿಗೆ ಬಂದೆವು. ಅಜ್ಜಿಯ ಕಣ್ಣಿಗೆ ಪೊರೆ ಬಂತು. "ಕಣ್ಣು ಪೂರ್ತಿ ಹೋಗೋದ್ರಾಗ ಆ ಮಾತು ತೀರಿಸಬೇಕು" ಎಂದು ಅವಳು ದಿನಕ್ಕೊಮ್ಮೆ ಅನ್ನುತ್ತಿದ್ದಳು.

ಎಪ್ಪತ್ತೆರಡರ ದೀಪಾವಳಿಗೆ ಅವಳ ಕಿರಿಯ ಮಗ ಮನ್ಮಥಪ್ಪ ಕಾಕಾ ಆ ದೀಪ ತಂದ. ಅವನಿಗೆ ಹಟ್ಟಿ ಚಿನ್ನದ ಗಣಿಯಲ್ಲಿ ದೀಪಗಳನ್ನು ನೋಡಿಕೊಳ್ಳುವ ಕೆಲಸ. ಹಳೆಯದೆಂದು ಮಾರಿದ್ದನ್ನು ಕೊಂಡು ರಿಪೇರಿ ಮಾಡಿದ್ದ. ಹಣೆಗೆ ಕಟ್ಟುವ ದೀಪ, ಅದರಿಂದ ಇಳಿದ ವಾಯರು, ಸೊಂಟಕ್ಕೆ ಇಟ್ಟಿಗೆಯಷ್ಟು ಭಾರದ ಬ್ಯಾಟರಿ.

"ಇದು ಆಕಳಿದ್ದಂಗ ಗೀತಾ," ಎಂದ ನನಗೆ. "ಕಡೀ ಹನಿತನಕ ಹಿಂಡಬಾರದು. ಬೆಳಕು ಹಳದಿ ಆತಂದ್ರ ನೀ ಹಿಂದಕ್ಕ ತಿರುಗು. ಚಾರ್ಜಿಗೆ ಹಚ್ಚಿದಾಗ ಬಾಗಲಾ ತೆರದು ಪಡಸಾಲ್ಯಾಗ ಇಡು, ದೇವರ ಮನ್ಯಾಗ ಬ್ಯಾಡ. ಅದು ಬಿಡೋ ಗಾಳಿಗೆ ನಂದಾದೀಪದ ಕಿಡಿ ತಾಗಿದ್ರ ದೇವರ ಸಮೇತ ಹಾರಿ ಪಕ್ಕದೂರು ದಿಂಡೋರ್ಯಾಗ ಬೀಳ್ತೀರಿ."

"ಮತ್ತ ಬ್ಯಾಟರಿಗೆ ನೀರು?"

"ಕಡಿಮಿ ಆದ್ರ ಭಟ್ಟಿ ಇಳಿಸಿದ ನೀರು ಅಷ್ಟ. ಈ ಬಾಟ್ಲ್ಯಾಗ ಐತಿ. ಒಳಗಿರೋದು ಆಸಿಡ್, ಮೈಗೆ ತಾಗಿದ್ರ ಲಗೂನ ತೊಳಕೋ."

"ದೀಪಾ ನಡುವ ದಣದ್ರ?"

"ಆರಿಸಿ ಸುಮ್ಮನ ಕುಂಡ್ರು. ಸ್ವಲ್ಪ ಹೊತ್ತಿಗೆ ಒಂದು ಗುಟುಕು ಬೆಳಕು ಕೊಡ್ತೈತಿ. ಅದು ವಾಪಸ್ ಬರಾಕ, ಮುಂದ ಹೋಗಾಕಲ್ಲ."

ಚಾರ್ಜಿಗೆ ಹಚ್ಚಿದಾಗ ಅದು ಗುಳುಗುಳು ಎಂದು ಉಸಿರಾಡುತ್ತಿತ್ತು. ನಾನು ಪಕ್ಕದಲ್ಲಿ ಕೂತು ಆ ಉಸಿರಿನಲ್ಲಿ ಏನೇನೋ ಕೇಳಿಸಿಕೊಳ್ಳುತ್ತಿದ್ದೆ. ನೀರು ನೋಡುವ ಕೆಲಸ ಅಜ್ಜಿ ತಾನೇ ಮಾಡುತ್ತೇನೆಂದಳು. ಕಾಕಾ ನನಗೆ ಹೇಳಿದ್ದನ್ನು ನಾನು ಅವಳಿಗೆ ಬಿಟ್ಟುಕೊಟ್ಟೆ.

ಶಿವರಾತ್ರಿ ಕಳೆದ ಮೇಲೆ ನಾನೂ ಅಜ್ಜಿಯೂ ಎಸ್.ಟಿ. ಬಸ್ಸಿನಲ್ಲಿ ದೌಲತಾಬಾದಿಗೆ ಹೊರಟೆವು. ಅಂಧಾರಿಯ ಬಾಯಲ್ಲಿ ದಿವಟಿಗೆಯವನು ನನ್ನ ಹಣೆ ನೋಡಿ ನಕ್ಕ.

"ಆಜೀ, ಮಶಾಲ್ ನಕೋ ಕಾ?" ದಿವಟಿಗೆ ಬೇಡವೇ ಎಂದು ಕೇಳಿದ.

"ನಕೋ ಬಾಬಾ. ನಿನ್ನ ಮಶಾಲಿನ ಹಣೇಬರಾ ನಾ ನೋಡೀನಿ."

ಒಳಗೆ ಬಾವಲಿಗಳ ವಾಸನೆ. ಎರಡು ತಿರುವು ದಾಟುವಷ್ಟರಲ್ಲಿ ಬಂಡೆಯ ಮೇಲೆ ಬಿದ್ದ ಬೆಳಕು ಅರಿಸಿನದ ಬಣ್ಣಕ್ಕೆ ಬಂತು. ಹತ್ತು ತಾಸು ಉರಿಯಬೇಕಾದ ದೀಪ ಹತ್ತು ನಿಮಿಷವೂ ಉರಿದಿರಲಿಲ್ಲ.

"ಅಜ್ಜೀ, ತಿರುಗೂಣು."

"ಇನ್ನೊಂದ ತಿರುವು ನನ್ನವ್ವಾ. ಅಲ್ಲೇ ಅದು."

ಮತ್ತೊಂದು ತಿರುವಿಗೆ ಅದು ಕೆಂಡದಂತೆ ಕೆಂಪಾಯಿತು.

"ಬ್ಯಾಟರಿಗೆ ಯಾವ ನೀರು ಹಾಕಿದಿ?"

"ಪಂಚವಟಿಯಿಂದ ತಂದ ರಾಮಕುಂಡದ ತೀರ್ಥ. ಅಂಗಡಿ ನೀರು ಹಾಕಿ ಮಾತು ತೀರಸ್ಲೇನು?"

"ನಾಲ್ಕು ತಿಂಗಳಾ?"

"ಪ್ರತಿ ಸೋಮವಾರ."

ಆ ಕೆಲಸ ಬಿಟ್ಟುಕೊಟ್ಟವಳು ನಾನೇ. ದೀಪ ಆರಿಸಿದೆ. ಕಣ್ಣು ತೆರೆದರೂ ಮುಚ್ಚಿದರೂ ಒಂದೇ ಆಯಿತು. ಗೋಡೆಗೆ ಒರಗಿ ನಿಂತು, ಪಕ್ಕದಲ್ಲಿದ್ದ ಅಜ್ಜಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಬಾವಿಯ ನೀರಿನ ತಂಪಿತ್ತು. ನನ್ನ ಹೆಬ್ಬೆರಳು ಅವಳ ಜೋಡಿ ಬೆಳ್ಳಿ ಕಡಗವನ್ನು ಹುಡುಕಿತು. ಮಣಿಕಟ್ಟು ಬೋಳಾಗಿತ್ತು.

"ಗೀತವ್ವಾ, ಎಲ್ಲಿ ನಿಂತೀದಿ?" ಅಜ್ಜಿಯ ದನಿ ಕೆಳಗಿನ ಮೆಟ್ಟಿಲಿನಿಂದ ಬಂತು. "ನಾ ಇಲ್ಲೇ ಕುಂತೀನಿ. ಎರಡೂ ಕೈಲೆ ಮೊಣಕಾಲು ಹಿಡಕೊಂಡೀನಿ, ಭಾಳ ಸೆಳೀತಾವ."

ಕೈ ಬಿಡಿಸಿಕೊಳ್ಳಲು ಆಗಲಿಲ್ಲ. ಅದು ಹಿಡಿದದ್ದು ಬಿಗಿಯಾಗಿ ಅಲ್ಲ. ಜಾತ್ರೆಯಲ್ಲಿ ಮಗು ಹಿಡಿದಂತೆ.

"ಅಜ್ಜೀ," ಎಂದೆ, "ಅದು ಬಂದೈತಿ."

ದೂರದಲ್ಲಿ ಎಲ್ಲೋ ನೀರು ತೊಟ್ಟಿಕ್ಕಿತು.

"ದೀಪಾ ಹಚ್ಚು."

"ಇರೋದ ಒಂದು ಗುಟುಕು. ನಾವು ಹೊರಗ ಹೋಗಾಕ ಬೇಕು."

"ಹೊರಗ ಹೋಗಾಕ ಕೈ ಐತಲ್ಲವಾ."

ಎಡಗೈಯಿಂದ ಗುಂಡಿ ತಿರುಗಿಸಿದೆ. ದಣಿವಾರಿಸಿಕೊಂಡ ಬೆಳಕು ಹಾಲಿನಂತೆ ಬಂತು. ನನ್ನ ಬಲಗೈ ಗಾಳಿಯಲ್ಲಿ ಚಾಚಿಕೊಂಡಿತ್ತು. ಬೆರಳುಗಳು ಏನನ್ನೋ ಸುತ್ತಿಕೊಂಡಿದ್ದವು. ಅಲ್ಲಿ ಏನೂ ಇರಲಿಲ್ಲ. ತಂಪು ಮಾತ್ರ ಹಾಗೆಯೇ ಇತ್ತು.

ಅಜ್ಜಿ ಗೋಡೆ ಹಿಡಿದು ಮೇಲೆ ಬಂದಳು. ನನ್ನ ಹಣೆಯ ದೀಪವನ್ನು ಬಿಚ್ಚಿ, ವಾಯರು ಜಗ್ಗದಂತೆ ಎರಡೂ ಕೈಯಲ್ಲಿ ಎತ್ತಿ, ಆ ಖಾಲಿ ಜಾಗದೆದುರು ಹಿಡಿದಳು. ಕೂಸಿನ ಮುಖ ನೋಡಲು ದೀಪ ಹಿಡಿಯುತ್ತಾರಲ್ಲ, ಹಾಗೆ.

"ತಡಾ ಆತು," ಎಂದಳು. "ತಂದೀನಿ. ನೋಡು."

ಮೇಲಿನಿಂದ ಗಾಳಿ ಬೀಸಿತು. ನನ್ನ ಸೆರಗು ಹಾರಿತು, ಬಾವಲಿಗಳು ಎದ್ದವು. ದೀಪ ಅಲುಗಲಿಲ್ಲ. ಬೆಳ್ಳಗಿದ್ದದ್ದು ಹಳದಿಯಾಯಿತು, ಹಳದಿ ಕೆಂಪಾಯಿತು, ಕೆಂಪು ಒಂದು ಎಳೆಯಾಗಿ ಉಳಿಯಿತು. ಅಜ್ಜಿ ಕೈ ಇಳಿಸಲಿಲ್ಲ. ಆ ಎಳೆಯೂ ತನ್ನಷ್ಟಕ್ಕೆ ತೀರಿದಾಗ ನನ್ನ ಬೆರಳುಗಳು ಸಡಿಲವಾದವು.

ಪಕ್ಕದಲ್ಲಿ, ಹೊರಗೆ ನಡೆಸಲು ಯಾರೋ ಕೈಹಿಡಿದಂತೆ, ಅಜ್ಜಿಯ ಜೋಡಿ ಕಡಗ ಮೆಲ್ಲಗೆ ಸದ್ದು ಮಾಡಿತು.