ಬುಟ್ಟಿ ಹೊತ್ತ ಅಜ್ಜಿ

ಆ ಶರ್ಟಿನ ಇಸ್ತ್ರಿ ನೋಡು, ಮದುವೆಗೆ ಹೊರಟವನ ಹಾಗೆ, ಪ್ರಾಜೆಕ್ಟ್ ವೈವಾ ಇದೆ ಕೋಡ್ ಓದ್ಕೊಂಡು ಬಾರೋ ಅಂದರೆ ಶರ್ಟಿಗೆ ಇಸ್ತ್ರಿ ಮಾಡಿಸಿಕೊಂಡು ಬಂದಿದ್ದಾನೆ, ದುರ್ಗಿಗುಡಿಯ ಜ್ಞಾನೇಶ, ಮುಸರ್ರತ್‌ಳ ಕೊರಳಿಗೆ ಗಂಟುಬಿದ್ದ ಪ್ರಾಜೆಕ್ಟ್ ಜೊತೆಗಾರ – ಮೌಸ್ ಹಿಡಿದ ಗತ್ತೋ, ಪೈಥಾನನ್ನು ಇವನ ತಾತನೇ ಕಂಡುಹಿಡಿದ ಹಾಗೆ. ಪರೀಕ್ಷಕ ಗೋವಿಂದಯ್ಯ ಸರ್ ಕನ್ನಡಕ ಮೂಗಿನ ತುದಿಗೆ ಜಾರಿಸಿ ಪರದೆ ನೋಡುತ್ತಿದ್ದಾರೆ, ಪರದೆಯ ಗೇಮಿನಲ್ಲಿ ಅವಳ ಬಸ್ಸು, ಅವಳ ತಂದೆ, ಅಬ್ಬಾ, ದಿನಾ ಓಡಿಸುವ ಭದ್ರಾವತಿ–ಶಿವಮೊಗ್ಗ ಬಸ್ಸು, ಮೂರು ಸೀನು, ಜನ್ನಾಪುರ, ಮಲವಗೊಪ್ಪ, ದುರ್ಗಿಗುಡಿ, ಎಲ್ಲವೂ ಅವಳ ಕೈಯದ್ದೇ, ಸ್ಟಾಪಿನಲ್ಲಿ ಬುಟ್ಟಿ ಹೊತ್ತು ನಿಂತ ಅಜ್ಜಿ, ಆ ಅಜ್ಜಿಯ ಸೆರಗಿನ ಹಸಿರು ಅಂಚೂ. ಯಾವ ಸೀನಲ್ಲಿ ಯಾರಿರಬೇಕು, ಯಾರು ಹೋಗಬೇಕು ಅನ್ನೋ ಈ ಕೋಡ್ ಯಾರು ಬರೆದಿದ್ದು ಅಂದರು ಸರ್, ನಾನೇ ಸರ್ ಅಂದ ಜ್ಞಾನೇಶ, ಥೂ, ನಾಲಿಗೆ ಒಂಚೂರೂ ತಡವರಿಸಲಿಲ್ಲವಲ್ಲ! ನಾಲ್ಕು ತಿಂಗಳಲ್ಲಿ ಇವನು ಮಾಡಿದ್ದು ಹಾರ್ನ್ ಸದ್ದು ಒಂದೇ, ಅದೂ ಬಸ್‌ಸ್ಟ್ಯಾಂಡಿನಲ್ಲಿ ಫೋನ್ ಹಿಡಿದು, ಸೀನು ಬದಲಾದಾಗ ಹಳೆಯವರೆಲ್ಲ ಎಲ್ಲಿಗೆ ಹೋಗ್ತಾರೆ ಗೊತ್ತೇನೋ ಅಂದರೆ ಅದೆಲ್ಲ ನೀನೇ ನೋಡ್ಕೋ ಮಾರಾಯ್ತಿ ಅಂದವನು. ಹೋದ ವಾರ ಮಾತ್ರ ದೊಡ್ಡ ಮನುಷ್ಯನಂತೆ, ಜನ್ನಾಪುರದಿಂದ ದುರ್ಗಿಗುಡಿವರೆಗೆ ಒಂದ್ಸಲ ಪೂರ್ತಿ ಓಡಿಸಿ ನೋಡೋಣ್ವಾ ಅಂದಿದ್ದ – ನಿಂಗೇನೋ ಗೊತ್ತು, ಒಂದೊಂದು ಸೀನೂ ಬೇರೆಬೇರೆ ಓಡಿಸಿ ನೋಡಿದೀನಿ, ನೀನು ಹಾರ್ನ್ ನೋಡ್ಕೋ ಅಂದಿದ್ದಳು ಅವಳು. ಕೇಳಲಿ ಸರ್ ಇನ್ನೊಂದು ಸಲ, ಇವನು ಬಾಯಿ ಬಿಡುವುದಕ್ಕೆ ಮೊದಲೇ ನಾನು ಸರ್, ನಾನು ಬರೆದಿದ್ದು ಅನ್ನುತ್ತಾಳೆ, ಆಗ ಆ ಇಸ್ತ್ರಿ ಮುಖ ಎಲ್ಲಿಡ್ತಾನೋ.

ಬಸ್ಸು ಅಜ್ಜಿಗೆ ತಾಗಿ ನಿಂತಿತು, ಅಜ್ಜಿ ಹತ್ತಿದಳು, ಮಾಯವಾದಳು, ಭೇಷ್, ಮಲವಗೊಪ್ಪದ ಸೀನು ಬಂತು, ಬಸ್ಸು ಹೊರಟಿತು, ನಡುರಸ್ತೆಯಲ್ಲಿ ನಿಂತಿತು. ಎದುರಿಗೆ ಯಾರೂ ಇಲ್ಲ. ಚಕ್ರ ತಿರುಗುತ್ತಿದೆ, ಬಸ್ಸು ಮುಂದೆ ಹೋಗುತ್ತಿಲ್ಲ, ಏನು ಒತ್ತಿದನೋ ದಡ್ಡ – ಇಲ್ಲ, ಬೆರಳು ಸರಿಯಾದ ಗುಂಡಿಯ ಮೇಲೆಯೇ ಇದೆ, ಹಾರ್ನ್ ಹೊಡೆಯುತ್ತಾನೆ, ಖಾಲಿ ರಸ್ತೆಗೆ ಹಾರ್ನ್, ಏನಪ್ಪಾ ಇದು ಯಾಕೆ ನಿಂತಿತು, ಸರ್ ಕೇಳಿದರು. ಮುಸರ್ರತ್‌ಳ ನೆನಪಿಗೆ ಬಂತು ಕೋಡಿನ ಆ ಒಂದು ಸಾಲು, ಹತ್ತಿದವರು ಕಾಣದಿದ್ದರೆ ಸಾಕು ಅಂತ ಮರೆಮಾಡಿದ್ದಷ್ಟೇ, ಬಸ್ಸಿಗೆ ಅಡ್ಡ ಬರುವವರ ಪಟ್ಟಿಯಿಂದ ತೆಗೆದೇ ಇಲ್ಲ, ಅಜ್ಜಿ ಜನ್ನಾಪುರದಲ್ಲಿ ನಿಂತ ಜಾಗದಲ್ಲೇ ಮಲವಗೊಪ್ಪದಲ್ಲೂ ನಿಂತಿದ್ದಾಳೆ, ಯಾರಿಗೂ ಕಾಣದೆ, ದಾರಿ ಕಟ್ಟಿ. ಒಂದ್ಸಲ ಪೂರ್ತಿ ಓಡಿಸಿ ನೋಡೋಣ್ವಾ. ಯಾರು ಮಾಡಿದ ತಪ್ಪಮ್ಮ ಇದು, ಸರ್ ಈ ಸಲ ಅವಳನ್ನೇ ನೋಡಿ ಕೇಳುತ್ತಿದ್ದಾರೆ, ನಾಲ್ಕು ತಿಂಗಳು ಕಾದ ಪ್ರಶ್ನೆ, ನಾನು ಅನ್ನು, ಒಂದೇ ಮಾತು, ಅನ್ನು – ನಂದೇ ಸರ್, ಅಂದ ಜ್ಞಾನೇಶ, ಅವಳ ಕಡೆ ತಿರುಗಿಯೂ ನೋಡದೆ. ಸರ್ ಅಂಕದ ಹಾಳೆಯಲ್ಲಿ ಏನೋ ಬರೆದರು. ತಪ್ಪನ್ನು ಅವನ ಹೆಸರಿಗೇ ಬಿಟ್ಟು ಅವಳು ಪರದೆಯ ಕಡೆ ತಿರುಗಿದಳು. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇದೆ, ಎದುರಿಗೆ ಖಾಲಿ ರಸ್ತೆ, ಖಾಲಿ ಅಲ್ಲ, ಬುಟ್ಟಿ, ಹಸಿರು ಅಂಚು, ಅಜ್ಜಿ ನಿಂತೇ ಇದ್ದಾಳೆ.